25 ಪರ್ಸೆಂಟಿಗೇ ತುಂಬಿಹೋದ ಪೋರ್ಟ್

ಸರ್ವರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಕೇಬಲ್ ಚುಚ್ಚುವ ಒಂದು ಪೋರ್ಟ್. ಅದರ ವೇಗ ಸೆಕೆಂಡಿಗೆ 10 ಗಿಗಾಬಿಟ್. ಅದರಲ್ಲಿ ಹೋಗುತ್ತಿರುವುದು ಬರೀ 2.5 ಗಿಗಾಬಿಟ್. ಮಾನಿಟರಿಂಗ್ ಪರದೆಯಲ್ಲಿ 25 ಪರ್ಸೆಂಟ್ ಅಂತ ತಣ್ಣಗೆ ಹಸಿರು ಬಣ್ಣ. ಆದರೆ ಸ್ವಿಚ್‌ಗೆ ಲಾಗಿನ್ ಆಗಿ ನೋಡಿದರೆ ಡಿಸ್ಕಾರ್ಡ್ ಕೌಂಟರ್, ಅಂದರೆ ಸ್ವಿಚ್ ಬಿಸಾಡಿದ ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಲೆಕ್ಕ, ಏರುತ್ತಲೇ ಇದೆ. ರಾತ್ರಿ ಬ್ಯಾಕಪ್ ಬೆಳಗ್ಗೆ ಆಫೀಸ್ ಶುರುವಾದರೂ ಮುಗಿದಿರುವುದಿಲ್ಲ. ಬ್ಯಾಕಪ್ ಟೀಮು ನೆಟ್‌ವರ್ಕ್ ಮೇಲೆ ಹೇಳುತ್ತಿತ್ತು, ನೆಟ್‌ವರ್ಕ್ ಟೀಮಿನ ನಾವು ಹಸಿರು ಬಣ್ಣ ತೋರಿಸುತ್ತಿದ್ದೆವು.

ಸ್ವಿಚ್ ಸಿಸ್ಕೋ ನೆಕ್ಸಸ್ 7000. ಅದರಲ್ಲಿ ಎಂ1 ಸರಣಿಯ 32 ಪೋರ್ಟಿನ ಕಾರ್ಡ್. ಎಲ್ಲ ಪೋರ್ಟೂ ಪೂರ್ತಿ ಓಡಿದರೆ 320 ಗಿಗಾಬಿಟ್ ಬೇಕು. ಕಾರ್ಡಿನಿಂದ, ಕಾರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಒಳಗಿನ ಫ್ಯಾಬ್ರಿಕ್‌ಗೆ ಇರುವ ದಾರಿ 80 ಗಿಗಾಬಿಟ್ಟಿನದು. ಅಂದರೆ 4:1 ಓವರ್‌ಸಬ್‌ಸ್ಕ್ರಿಪ್ಷನ್: ಇರುವ ದಾರಿಗಿಂತ ನಾಲ್ಕು ಪಟ್ಟು ಪೋರ್ಟ್. ಇದೇನು ಮುಚ್ಚಿಟ್ಟ ವಿಷಯ ಅಲ್ಲ, ಡೇಟಾಶೀಟಿನಲ್ಲೇ ಇದೆ. ಎಲ್ಲ ಸರ್ವರ್‌ಗಳೂ ಒಂದೇ ಹೊತ್ತಿಗೆ ಪೂರ್ತಿ ವೇಗ ಕೇಳುವುದು ಅಪರೂಪ, ಹಾಗಾಗಿ ಕಡಿಮೆ ದುಡ್ಡಿಗೆ ಜಾಸ್ತಿ ಪೋರ್ಟ್ ಕೊಡುವ ಈ ಲೆಕ್ಕ ನನಗೆ ಈಗಲೂ ಸರಿ ಅನ್ನಿಸುತ್ತದೆ.

ನೋಡಬೇಕಾದ್ದು ಆ 80 ಹಂಚಿಕೆಯಾಗುವ ರೀತಿ. ಖಾಲಿ ಇದ್ದಾಗ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಒಂದೇ ದೊಡ್ಡ ಪಾಲು ಅದಲ್ಲ. ನಾಲ್ಕು ನಾಲ್ಕು ಪೋರ್ಟಿಗೆ ಒಂದು ಗುಂಪು, ಒಂದೊಂದು ಗುಂಪಿಗೆ 10 ಗಿಗಾಬಿಟ್. ನಾಲ್ಕು ಮನೆಗೆ ಒಂದೇ ಕಾವೇರಿ ಲೈನ್ ಇದ್ದ ಹಾಗೆ: ಪಕ್ಕದ ಬೀದಿಯಲ್ಲಿ ನೀರು ಸುಮ್ನೆ ನಿಂತಿದ್ದರೂ ನಿಮ್ಮ ನಲ್ಲಿಗೆ ಬರುವುದಿಲ್ಲ. ನಾಲ್ಕೂ ಪೋರ್ಟು 2.5ರಂತೆ ಎಳೆದರೆ ಗುಂಪು ಭರ್ತಿ. ನಮ್ಮ ಅಲರ್ಟ್ ಇದ್ದದ್ದು ಒಂದೊಂದು ಪೋರ್ಟಿಗೆ 80 ಪರ್ಸೆಂಟಿಗೆ. ಅದು ಹೊಡೆದುಕೊಳ್ಳುವ ಮಾತೇ ಇಲ್ಲ, ಅಲ್ವಾ?

ಗುಂಪಿನ ಜೋಡಣೆಯೂ ಸ್ವಲ್ಪ ಮೋಸಹೋಗುವಂಥದ್ದು. 1, 3, 5, 7 ಒಂದು ಗುಂಪು. 2, 4, 6, 8 ಇನ್ನೊಂದು. ಬೆಸ ಸಂಖ್ಯೆಗಳು ಮೇಲಿನ ಸಾಲಿನಲ್ಲಿ ಇರುತ್ತವೆ. ಕೇಬಲ್ ಹಾಕುವವರು ಅಚ್ಚುಕಟ್ಟಾಗಿ ಮೇಲಿನ ಸಾಲಿನಲ್ಲಿ ಒಂದರ ಪಕ್ಕ ಒಂದು ಹಾಕುತ್ತಾ ಹೋದರೆ, ಒಂದೇ ರ‍್ಯಾಕಿನ ನಾಲ್ಕು ವರ್ಚುವಲೈಸೇಷನ್ ಸರ್ವರ್‌ಗಳು (ಒಂದೊಂದರೊಳಗೂ ಹಲವು ವರ್ಚುವಲ್ ಮಷೀನ್ ಓಡಿಸುವಂಥವು) ಒಂದೇ ಗುಂಪಿಗೆ ಬಂದು ಕೂರುತ್ತವೆ. ನಮ್ಮಲ್ಲೂ ಹಾಗೇ ಕೂತಿದ್ದವು. ನಾಲ್ಕಕ್ಕೂ ಬ್ಯಾಕಪ್ ಶುರುವಾಗುವುದು ರಾತ್ರಿ ಒಂದೇ ಹೊತ್ತಿಗೆ. ಬ್ಯಾಕಪ್ ಸರ್ವರ್ ಬೇರೆ ಕಾರ್ಡಿನಲ್ಲಿ ಆರಾಮಾಗಿ ಕಾಯುತ್ತಿತ್ತು.

ಮೊದಲು ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಎಂಟು ಗುಂಪಿಗೆ ಎಂಟು ಬಣ್ಣ, ಪ್ರತಿ ಪೋರ್ಟಿನ ಎದುರು ಯಾವ ಸರ್ವರ್, ಯಾವ ಹೊತ್ತಿನಲ್ಲಿ ಹಸಿವು ಜಾಸ್ತಿ ಅಂತ. ನಂತರ ಗ್ರಾಫ್ ಬದಲಾಯಿಸಿದೆ. ನಾಲ್ಕು ಪೋರ್ಟಿನ ಟ್ರಾಫಿಕ್ ಕೂಡಿಸಿ, ಗುಂಪಿಗೆ ಒಂದೇ ಗೆರೆ. ಐದು ನಿಮಿಷಕ್ಕೊಮ್ಮೆ ಓದುತ್ತಿದ್ದ ಕೌಂಟರನ್ನು 30 ಸೆಕೆಂಡಿಗೆ ಇಳಿಸಿದೆ, ಏಕೆಂದರೆ ಅರ್ಧ ನಿಮಿಷದ ಜೋರು ಐದು ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹೊಸ ಗ್ರಾಫಿನಲ್ಲಿ ಗೆರೆ 10ಕ್ಕೆ ಹೋಗಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿ ನಿಂತಿತ್ತು. ಮೀಟಿಂಗಿನಲ್ಲಿ ಅದೊಂದು ಚಿತ್ರ ಸಾಕಾಯಿತು.

ಆಮೇಲಿನದ್ದು ಜಾಗ ಬದಲಾಯಿಸುವ ಕೆಲಸ. ರಾತ್ರಿ ಕೆಲಸದ ಸರ್ವರ್ ಗುಂಪಿಗೆ ಒಂದೇ ಒಂದು. ಅದರ ಜೊತೆ ಹಗಲಿನಲ್ಲಿ ಮಾತ್ರ ಓಡುವವು, ಟೆಸ್ಟ್ ಸರ್ವರ್‌ಗಳು. ಇದಕ್ಕೆ ಕೆಲವು ಉದ್ದದ ಕೇಬಲ್ ಬಿಟ್ಟರೆ ಪೈಸೆ ಖರ್ಚಿಲ್ಲ.

ನೆಟ್‌ವರ್ಕ್ ಮೂಲಕವೇ ಡಿಸ್ಕ್ ಒದಗಿಸುವ ಐಸ್ಕಸಿ (iSCSI) ಸ್ಟೋರೇಜಿಗೆ ಮಾತ್ರ ಈ ಹೊಂದಾಣಿಕೆ ಒಪ್ಪಲಿಲ್ಲ. ಅಲ್ಲಿ ಪ್ಯಾಕೆಟ್ ಬಿದ್ದರೆ ವರ್ಚುವಲ್ ಮಷೀನ್‌ಗಳ ಡಿಸ್ಕೇ ನಿಧಾನವಾಗುತ್ತದೆ. ಆ ಗುಂಪುಗಳಿಗೆ ಡೆಡಿಕೇಟೆಡ್ ರೇಟ್-ಮೋಡ್ ಹಾಕಿದೆ. ಗುಂಪಿನ ನಾಲ್ಕೂ ಪೋರ್ಟ್ ಶಟ್‌ಡೌನ್ ಮಾಡಿ, ಮೊದಲನೆಯದಕ್ಕೆ ಕಮಾಂಡ್ ಕೊಟ್ಟು, ಅದನ್ನು ಮಾತ್ರ ಮೇಲೆತ್ತಬೇಕು. ಪೂರ್ತಿ 10 ಅದಕ್ಕೇ. ಉಳಿದ ಮೂರು ಸತ್ತ ಲೆಕ್ಕ. ಕಾರ್ಡಿನಲ್ಲಿ ಹೀಗೆ ಮಾಡಬಹುದಾದ ಪೋರ್ಟ್‌ಗಳು ಎಂಟೇ: 1, 2, 9, 10, 17, 18, 25, 26. ನಾಲ್ಕು ಪೋರ್ಟಿಗೆ ದುಡ್ಡು ಕೊಟ್ಟು ಒಂದನ್ನು ಬಳಸುವುದಾ ಅಂತ ಮ್ಯಾನೇಜರ್ ಕೇಳಿದರು. ಹೌದು, ಸ್ಟೋರೇಜಿಗೆ ಹಾಗೇ ಅಂದೆ. ಖಾಲಿ ಪೋರ್ಟ್ ಕಂಡರೆ ಯಾರಾದರೂ ಕೇಬಲ್ ಚುಚ್ಚುವುದು ಗ್ಯಾರಂಟಿ. ಅದಕ್ಕೇ ಆ ಮೂರಕ್ಕೂ ಕ್ಯಾಪ್ ಹಾಕಿ ಮೇಲೆ ಕೆಂಪು ಟೇಪ್ ಅಂಟಿಸಿದೆ.

ಈಗ ನಾನು ನೋಡಿಕೊಳ್ಳುವುದು ಲೀಫ್-ಸ್ಪೈನ್ ಜಾಲ: ಸರ್ವರ್‌ಗಳು ಸೇರುವುದು ಲೀಫ್ ಸ್ವಿಚ್ಚಿಗೆ, ಲೀಫ್‌ಗಳನ್ನೆಲ್ಲ ಜೋಡಿಸುವುದು ಸ್ಪೈನ್ ಸ್ವಿಚ್. ಲೀಫ್ ಸ್ವಿಚ್ಚಿನ ಮುಂಭಾಗದ 48 ಪೋರ್ಟ್‌ಗಳಲ್ಲಿ ಪಾಲು ಹಂಚಿಕೊಳ್ಳುವ ಗುಂಪಿಲ್ಲ, ಇಕ್ಕಟ್ಟು ಸ್ಪೈನ್‌ಗೆ ಹೋಗುವ ಅಪ್‌ಲಿಂಕಿಗೆ ಜಾರಿದೆ. 25 ಗಿಗಾಬಿಟ್‌ನ 48 ಪೋರ್ಟ್ ಅಂದರೆ 1200, ಮೇಲಕ್ಕೆ 100ರ ಆರು ಅಂದರೆ 600. ಅನುಪಾತ 2:1. ಒಂದು ಅಪ್‌ಲಿಂಕ್ ಹೋದರೆ 2.4:1, ಎರಡು ಹೋದರೆ 3:1. ಅದೂ ಟ್ರಾಫಿಕ್ ಸಮನಾಗಿ ಹಂಚಿದರೆ. ಪ್ಯಾಕೆಟ್‌ನ ವಿಳಾಸಗಳಿಂದ ಲೆಕ್ಕ ಹಾಕಿದ ಹ್ಯಾಶ್ ಸಂಖ್ಯೆ ನೋಡಿ ದಾರಿ ಆರಿಸುವುದರಿಂದ ಎರಡು ದಪ್ಪ ಫ್ಲೋಗಳು (ಡೇಟಾ ಹರಿವುಗಳು) ಒಂದೇ ಅಪ್‌ಲಿಂಕಿಗೆ ಬೀಳುವುದೂ ಉಂಟು. ಹಾಗಾಗಿ ಎರಡು ಅಲರ್ಟ್ ಇಟ್ಟಿದ್ದೇನೆ: ಆರರ ಮೊತ್ತ 400 ದಾಟಿದರೆ ಒಂದು, ಯಾವುದೇ ಒಂದು ಲಿಂಕ್ ಉಳಿದವುಗಳಿಗಿಂತ ತೀರಾ ಮೇಲೆ ಹೋದರೆ ಇನ್ನೊಂದು.