ಸದಸ್ಯರೇ ಒಡೆಯರಾದ ಕ್ಯಾಂಪ್‌ಗ್ರೌಂಡಿಗೆ ನಿಯಮ ಬರೆಯುವ ಕ್ರಮ

ಅಮೆರಿಕದ ಮಿಷಿಗನ್‌ನಂತಹ ರಾಜ್ಯದಲ್ಲಿ ಸದಸ್ಯರ ಒಡೆತನದ ಕ್ಯಾಂಪ್‌ಗ್ರೌಂಡ್ (ಡೇರೆ ಅಥವಾ ವಾಹನಗಳಲ್ಲಿ ತಂಗುವ ಬಯಲು ಬಿಡಾರ) ನಡೆಸುವಾಗ, ನಿಯಮ ಮಾಡುವವರೂ ಪಾಲಿಸಬೇಕಾದವರೂ ಒಬ್ಬರೇ ಆಗಿರುವುದರಿಂದ, ಪ್ರತಿ ನಿಯಮದ ಜೊತೆಗೆ ಅದರ ಕಾರಣವನ್ನೂ ಬರೆಯಬೇಕು.

ಸೌದೆಯ ವಿಷಯವನ್ನೇ ನೋಡಿ. ಹೊರಗಿನ ಸೌದೆ ತರಬಾರದೆಂದು ಬರಿಯ ಫಲಕ ಹಾಕಿದರೆ, ಅದು ಒಳಗಿನ ಅಂಗಡಿಯ ವ್ಯಾಪಾರಕ್ಕೆ ಹೂಡಿದ ಉಪಾಯವೆಂದು ಜನ ಶಂಕಿಸುತ್ತಾರೆ (ಶಂಕೆ ಸಹಜವೇ). ಆದ್ದರಿಂದ, 2002ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್ ಬಳಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆಯ ಮರಿಹುಳುಗಳು ಆಶ್ ಮರದ ತೊಗಟೆಯಡಿ ಅಡಗಿ, ಸೌದೆಯೊಂದಿಗೆ ದೂರದೂರಕ್ಕೆ ಸಾಗಿ, ಕೋಟ್ಯಂತರ ಮರಗಳನ್ನು ಕೊಂದಿವೆಯೆಂದು ವಿವರಿಸಿ. ಸಮೀಪದಲ್ಲೇ ಕಡಿದ ಅಥವಾ ಶಾಖದಿಂದ ಸಂಸ್ಕರಿಸಿ ಪ್ರಮಾಣೀಕರಿಸಿದ ಸೌದೆಗೆ ಅಡ್ಡಿಯಿಲ್ಲವೆಂದೂ ಸೇರಿಸಿ.

ರಾತ್ರಿಯ ನಿಶ್ಶಬ್ದದ ಅವಧಿಗೆ ಇಷ್ಟೊಂದು ವಿವರಣೆ ಬೇಡ. ಜನರೇಟರ್ ಕೂಡ ಅದಕ್ಕೆ ಒಳಪಟ್ಟಿದೆಯೆಂದು ಸ್ಪಷ್ಟಪಡಿಸಿದರೆ ಸಾಕು.

ಸದಸ್ಯರಿಗೆ ಕಳಿಸುವ ಸುದ್ದಿಪತ್ರದಲ್ಲಿ, ಚಳಿಗಾಲಕ್ಕೆ ಮುನ್ನ ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ನೀರು ಬರಿದುಮಾಡುವ ದಿನಾಂಕವನ್ನೂ ಸರ್ವಸದಸ್ಯರ ಸಭೆಯ ದಿನಾಂಕವನ್ನೂ ಮೊದಲ ಸಾಲುಗಳಲ್ಲೇ ಕೊಟ್ಟು, ಸಹಭೋಜನದ ಚಿತ್ರಗಳನ್ನು ನಂತರ ಹಾಕಿ. ನಿಯಮ ತಿದ್ದುಪಡಿಯಿದ್ದರೆ, ಹಳೆಯ ಮತ್ತು ಹೊಸ ಪಾಠಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿ, ಮತದಾನಕ್ಕೆ ಸಾಕಷ್ಟು ಮೊದಲೇ ಎಲ್ಲ ಸದಸ್ಯರಿಗೂ ತಲುಪಿಸಿ.