ಪವರ್ ಆಫ್ ಅಟಾರ್ನಿ ಒಂದೇ ಸಾಲದು: ನನ್ನ ಅನುಭವ

ಮಕ್ಕಳ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟರೆ ಮುಪ್ಪಿನ ಚಿಂತೆ ಕಳೆಯಿತು ಎಂದು ನಂಬಿದವರು ಬಹಳ. ಆದರೆ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೂ ಅವರ ಬುದ್ಧಿಸ್ಥಿಮಿತ ತಪ್ಪಿದರೂ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮರೆವಿನ ಕಾಯಿಲೆ ಬಂದಾಗಲೇ ಅದರ ಅಗತ್ಯ ಹೆಚ್ಚು, ಆಗಲೇ ಅದು ನಡೆಯದು. ಹಾಗಾಗಿ ಜಿಪಿಎಯನ್ನು ಕಾಲು ಸೋತ ದಿನಗಳಿಗೆ ಮಾತ್ರ ಇಟ್ಟುಕೊಂಡು, ಮಿಕ್ಕದ್ದಕ್ಕೆ ಬೇರೆ ಕಾಗದ ಮಾಡಿಸಿದೆ.

ಜಿಪಿಎಯಲ್ಲಿ ಪಿಂಚಣಿ, ತೆರಿಗೆ, ಬಾಡಿಗೆ, ಬ್ಯಾಂಕ್ ಎಂದು ಒಂದೊಂದನ್ನೂ ಬಿಡಿಸಿ ಬರೆಸಿದೆ. ‘ಸಕಲ ವ್ಯವಹಾರ’ ಎಂದಷ್ಟೇ ಇದ್ದರೆ ಕೌಂಟರಿನಲ್ಲಿ ತಕರಾರು ಬರುತ್ತದೆ. ಮನೆ ಮಾರುವ, ಅಡ ಇಡುವ ಅಧಿಕಾರ ಕೊಡಲಿಲ್ಲ. ಕೈ ಗಟ್ಟಿಯಿರುವಾಗಲೇ ಮೂಲಪತ್ರವನ್ನು ಬ್ಯಾಂಕಿಗೆ ಒಯ್ದು, ಮಗಳ ಕೆವೈಸಿ ಸಮೇತ ದಾಖಲೆಗೆ ಸೇರಿಸಿದೆ.

ಬುದ್ಧಿ ಮಂಕಾದ ಮೇಲೂ ದುಡ್ಡು ಕೈಗೆ ಸಿಗಬೇಕಾದರೆ ಜಂಟಿ ಖಾತೆಯೇ ಗತಿ. ಇಲ್ಲಿ ಎಡವುವವರು ಹೆಚ್ಚು: ‘ಐದರ್ ಆರ್ ಸರ್ವೈವರ್’ ಎಂದಿದ್ದರೆ ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದು, ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಸಾಯುವ ತನಕ ಎರಡನೆಯವರ ಕೈ ಕಟ್ಟಿದ ಹಾಗೆ. ಪಾಸ್‌ಬುಕ್ಕಿನಲ್ಲಿ ಯಾವುದಿದೆ ಎಂದು ಇವತ್ತೇ ನೋಡಿ. ಶವಸಂಸ್ಕಾರದ ಖರ್ಚನ್ನೂ ನಾನು ಇದೇ ಖಾತೆಯಲ್ಲಿಟ್ಟಿದ್ದೇನೆ. ನಾಮಿನಿಗೆ ಹಣ ಸಿಗುವುದು ಮರಣ ಪ್ರಮಾಣಪತ್ರ ಕೊಟ್ಟ ಮೇಲೆ. ಚಿತಾಗಾರಕ್ಕೆ ಹೋಗುವ ಹೊತ್ತಿಗೆ ಅದು ಒದಗದು.

ಚಿಕಿತ್ಸೆಯ ವಿಷಯಕ್ಕೆ ಲಿವಿಂಗ್ ವಿಲ್ ಬೇಕು, ಅಂದರೆ ಹೇಳಲಾಗದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟರೂ ಮ್ಯಾಜಿಸ್ಟ್ರೇಟರ ಸಹಿಯ ಷರತ್ತಿನಿಂದ ಜನ ಹಿಂದೇಟು ಹಾಕುತ್ತಿದ್ದರು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನನ್ನ ಪರವಾಗಿ ತೀರ್ಮಾನ ಹೇಳಲು ಇಬ್ಬರ ಹೆಸರು ಬರೆದೆ. ಒಬ್ಬರೇ ಆದರೆ, ಅವರು ಊರಲ್ಲಿಲ್ಲದ ದಿನವೇ ಆಸ್ಪತ್ರೆ ಸೇರುವಂತಾಗಬಹುದು. ‘ಸುಮ್ಮನೆ ನರಳಿಸಬೇಡಿ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆಯ ಊಟ, ಇವು ಬೇಕೋ ಬೇಡವೋ ಎಂದು ಹೆಸರಿಟ್ಟು ಬರೆಯಬೇಕು. ನೋವು ಕಡಿಮೆ ಮಾಡುವ ಔಷಧ ನಿಲ್ಲಿಸಬಾರದು ಎಂಬುದನ್ನೂ ಸೇರಿಸಿದೆ. ಒಂದು ಪ್ರತಿ ನಮ್ಮ ವೈದ್ಯರ ಬಳಿ ಇದೆ.

ಅಂತ್ಯಸಂಸ್ಕಾರದ ಮಾತನ್ನು ಉಯಿಲಿನಲ್ಲಿ ಬರೆಯಬೇಡಿ. ಉಯಿಲು ತೆರೆಯುವುದೇ ತಿಥಿ ಮುಗಿದ ಮೇಲೆ. ಅದಕ್ಕೆಂದೇ ಒಂದು ಹಾಳೆ ಬೇರೆ: ಸುಡುವುದೋ ಹೂಳುವುದೋ, ಯಾವ ವಿಧಿ ಬೇಕು, ಯಾವುದು ಬೇಡ, ಮೊದಲು ಯಾರಿಗೆ ಫೋನ್ ಮಾಡಬೇಕು, ಆಧಾರ್ ಎಲ್ಲಿದೆ. ಮನೆಯಲ್ಲೇ ಜೀವ ಹೋದರೆ ಸಾವಿನ ಕಾರಣ ಬರೆದುಕೊಡುವ ವೈದ್ಯರು ಬೇಕು, ಅದು ನಮೂನೆ 4ಎ. ರೋಗಿಯನ್ನು ಕಂಡೇ ಇಲ್ಲದ ವೈದ್ಯರು ಬರೆಯಲು ಒಪ್ಪುವುದಿಲ್ಲ, ಆದ್ದರಿಂದ ನೋಡುತ್ತಿರುವವರ ಹತ್ತಿರ ಮೊದಲೇ ಮಾತಾಡಿದ್ದೇನೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರಿನ ಅಕ್ಷರ ಆಧಾರಿನಲ್ಲಿ ಇದ್ದಂತೆಯೇ ಬರಲಿ. ಒಂದಕ್ಷರ ತಪ್ಪಿದರೂ ವಿಮೆ, ಬ್ಯಾಂಕ್ ಎಲ್ಲ ಕಡೆ ಅಲೆದಾಟ.

ಕಣ್ಣು ಕೊಡುವುದಾದರೆ 6 ಗಂಟೆಯೊಳಗೆ ತೆಗೆಯಬೇಕು. ದುಃಖದಲ್ಲಿರುವವರಿಗೆ ನೆನಪಿರಲೆಂದು ಹಾಳೆಯ ತಲೆಗೇ ದೊಡ್ಡಕ್ಷರದಲ್ಲಿ ಬರೆದೆ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯಡಿ ದಿಂಬು ಕೊಡಿ, ಫ್ಯಾನ್ ನಿಲ್ಲಿಸಿ. ದೇಹದಾನಕ್ಕೆ ನಾನು ಸಹಿ ಹಾಕಿದ್ದರೂ ಮನೆಯವರು ಬೇಡವೆಂದರೆ ವೈದ್ಯಕೀಯ ಕಾಲೇಜು ಒಯ್ಯುವುದಿಲ್ಲ. ಮರಣೋತ್ತರ ಪರೀಕ್ಷೆಯಾದ ದೇಹವನ್ನೂ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಹಾಗಾದಾಗ ಏನು ಮಾಡಬೇಕೆಂದು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ.

ಇವನ್ನೆಲ್ಲ ಲಾಕರಿನಲ್ಲಿ ಇಟ್ಟಿಲ್ಲ. ಭಾನುವಾರ ಸತ್ತರೆ ಬ್ಯಾಂಕ್ ಬಾಗಿಲು ತೆರೆಯುವುದಿಲ್ಲ. ಬೀರುವಿನ ಮೇಲಿನ ಅರೆಯಲ್ಲಿ ಕೆಂಪು ಫೈಲಿದೆ, ಮನೆಯವರಿಗೆಲ್ಲ ಗೊತ್ತು.