ತುಕ್ಕು ಹಿಡಿದ ಸೈಲೆನ್ಸರ್ ಸ್ಟಡ್: ಮುರಿಯದಂತೆ ಬಿಚ್ಚುವುದು ಹೇಗೆ?

ಬೈಕಿನ ಸೈಲೆನ್ಸರ್ ಪೈಪ್ ಎಂಜಿನ್ನಿಗೆ ಸೇರುವ ಜಾಗದಲ್ಲಿ, ಸಾಮಾನ್ಯವಾಗಿ 6 ಅಥವಾ 8 ಮಿ.ಮೀ. ದಪ್ಪದ ಎರಡು ಸ್ಟಡ್‌ಗಳು (ಎರಡೂ ತುದಿಗೆ ತಿರುಪು, ಅಂದರೆ ಥ್ರೆಡ್ ಇರುವ ತಲೆಯಿಲ್ಲದ ಬೋಲ್ಟ್‌ಗಳು) ಪೈಪಿನ ತುದಿಯ ಚಪ್ಪಟೆ ಅಂಚಾದ ಫ್ಲೇಂಜನ್ನು ಸಿಲಿಂಡರ್ ಹೆಡ್‌ಗೆ ಬಿಗಿದು ಹಿಡಿದಿರುತ್ತವೆ. ಮುಂದಿನ ಚಕ್ರ ಎರಚುವ ಕೆಸರುನೀರು ಬಂದು ಬಡಿಯುವುದು ಇಲ್ಲಿಗೇ, ಪ್ರತಿ ಸವಾರಿಯಲ್ಲೂ ವಿಪರೀತ ಕಾದು ತಣ್ಣಗಾಗುವುದೂ ಇಲ್ಲೇ. ಉಕ್ಕಿನ ಸ್ಟಡ್ ಅಲ್ಯೂಮಿನಿಯಂ ಹೆಡ್‌ನೊಳಗೆ ಕೂತಿರುವುದರಿಂದ, ತೇವ ಸೇರಿದಾಗ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಥ್ರೆಡ್‌ಗಳ ಸಂದಿಯಲ್ಲಿ ಗಚ್ಚಿನಂತೆ ಗಟ್ಟಿಯಾಗುತ್ತದೆ. ಹೊರಗೆ ಕಾಣುವುದು ಕೆಂಪು ತುಕ್ಕು. ಒಳಗೆ ಹಟ ಹಿಡಿದು ಕೂತಿರುವುದು ಈ ಬಿಳಿ ಪುಡಿ.

ಕೆಲಸ ಶುರುವಾಗಬೇಕಾದದ್ದು ಹಿಂದಿನ ರಾತ್ರಿಯೇ. ಎಂಜಿನ್ ತಣ್ಣಗಿರುವಾಗ ಸ್ಟಡ್‌ನ ಹೊರಭಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ನಟ್‌ನ ಎರಡೂ ಬದಿಗೆ ಹಾಕಿ, ಕೆಲವು ಗಂಟೆಗಳ ಬಳಿಕ ಮತ್ತೊಮ್ಮೆ ಹಾಕಬೇಕು. ಮಾಮೂಲಿ ಎಂಜಿನ್ ಆಯಿಲ್ ಅಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ.

ಬೆಳಿಗ್ಗೆ, ಆರು ಮೂಲೆಯ ಸಾಕೆಟ್ ಹಾಕಿ ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಸ್ಟಡ್‌ನ ತುದಿಗೂ ನಟ್‌ಗೂ ಸೇರುವಂತೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿಟ್ಟರೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಟ್ ಮಾತ್ರ ತಿರುಗಿದರೆ ಸರಿ, ಎರಡೂ ಒಟ್ಟಿಗೆ ತಿರುಗಿ ಹೊರಬಂದರೆ ಇನ್ನೂ ಒಳ್ಳೆಯದು. ಸಾಕೆಟ್‌ನ ಹ್ಯಾಂಡಲ್ ರಬ್ಬರಿನಂತೆ ಬಗ್ಗಿ, ಕೈಬಿಟ್ಟ ಕೂಡಲೇ ಗೆರೆ ಹಿಂದಕ್ಕೆ ಬಂದು ನಿಂತರೆ, ಸ್ಟಡ್ ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ ಎಂದರ್ಥ; ಅಲ್ಲೇ ನಿಲ್ಲಿಸಿ. ನಾನು ಮುರಿದುಕೊಂಡ ಸ್ಟಡ್‌ಗಳೆಲ್ಲ ಈ ಸೂಚನೆ ಕೊಟ್ಟ ಮೇಲೆಯೇ ಮುರಿದಿವೆ.

ಮುಂದಿನದು ಶಾಖದ ಕೆಲಸ. ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟು, ಹಾಕಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಗ್ಯಾಸ್ ಟಾರ್ಚ್‌ನ ಜ್ವಾಲೆಯನ್ನು ಸ್ಟಡ್‌ಗೆ ಹಿಡಿಯದೆ ಅದರ ಸುತ್ತಲಿನ ಅಲ್ಯೂಮಿನಿಯಂಗೆ ಹಿಡಿಯಬೇಕು; ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ರಂಧ್ರ ತುಸು ಅಗಲವಾಗುತ್ತದೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ, ಹಾಗಾಗಿ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ನೀರಿನ ಹನಿ ಚುಂಯ್ ಎಂದು ಹಾರಿಹೋಗುವಷ್ಟು ಬಿಸಿಯಾದರೆ ಸಾಕು. ಆಗ ಥ್ರೆಡ್‌ನ ಬುಡಕ್ಕೆ ಮೇಣದ ತುಂಡು ತಾಗಿಸಿದರೆ, ಅದು ಕರಗಿ ಸಂದಿಯೊಳಕ್ಕೆ ಇಳಿಯುತ್ತದೆ. ಬಳಿಕ, ಹಳೆಯ ನಟ್ ಕಳಚಿ ಬಂದಿದ್ದರೆ, ಸ್ಟಡ್‌ಗೆ ಎರಡು ನಟ್ ಹಾಕಿ, ಒಂದಕ್ಕೊಂದು ಬಿಗಿದು, ಒಳಗಿನ ನಟ್ಟನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೊರತೆಗೆಯಿರಿ.

ಮುರಿದೇಹೋದರೆ, ಉಳಿದ ಮೋಟು ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸುವುದು ನನ್ನ ಮೊದಲ ಆಯ್ಕೆ. ವೆಲ್ಡಿಂಗ್‌ನ ಕಾವೂ ಬಿಗಿತ ಬಿಡಿಸಲು ನೆರವಾಗುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಸಂಪರ್ಕ ತಪ್ಪಿಸುವುದನ್ನು ಮರೆಯಬೇಡಿ. ರಂಧ್ರ ಕೊರೆದು ಎಕ್ಸ್‌ಟ್ರಾಕ್ಟರ್ (ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ಗಡಸು ಉಕ್ಕಿನ ಸಾಧನ) ಹಾಕುವ ದಾರಿ ಅಪಾಯದ್ದು, ಏಕೆಂದರೆ ಆ ಗಡಸು ಉಕ್ಕು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯಲಾರದು. ಪೂರ್ತಿ ಕೊರೆದು ತೆಗೆಯಲೇಬೇಕಾದರೆ ಮುರಿದ ಸ್ಟಡ್‌ನ ಸರಿಮಧ್ಯಕ್ಕೆ ಪಂಚ್‌ನಿಂದ ಗುರುತಿನ ಕುಳಿ ಹೊಡೆದು, ಸಾಮಾನ್ಯ ಥ್ರೆಡ್‌ನ 6 ಮಿ.ಮೀ. ಸ್ಟಡ್‌ಗೆ 5 ಮಿ.ಮೀ., 8 ಮಿ.ಮೀ. ಸ್ಟಡ್‌ಗೆ 6.8 ಮಿ.ಮೀ. ಡ್ರಿಲ್ ದಾಟದಂತೆ ನೋಡಿಕೊಳ್ಳಿ. ಥ್ರೆಡ್ ಕೆಟ್ಟಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಬಹುದು.

ಹೊಸ ಸ್ಟಡ್ ಕೂರಿಸುವುದು ಸುಲಭ. ರಂಧ್ರದ ಥ್ರೆಡ್‌ಗಳನ್ನು ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ಶುಚಿಗೊಳಿಸಿ, ಹೆಚ್ಚು ಶಾಖ ತಡೆಯುವ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಸವರಿ, ಸ್ಟಡ್ಡನ್ನು ಕೈಯಲ್ಲೇ ತಿರುಗಿಸಿ ಕೊನೆಯಲ್ಲಿ ಹಗುರವಾಗಿ ಬಿಗಿದರೆ ಸಾಕು. ಫ್ಲೇಂಜಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೊಸದೇ ಇರಲಿ; ತಾಮ್ರ ಲೇಪಿತ ಅಥವಾ ಹಿತ್ತಾಳೆಯ ನಟ್ ಸಿಕ್ಕರೆ ಮುಂದಿನ ಸಲ ಬಿಚ್ಚುವವರಿಗೆ ಉಪಕಾರ. ಸೈಲೆನ್ಸರಿನ ಹಿಂಬದಿಯ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು, ಎರಡೂ ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದ ನಂತರವಷ್ಟೇ ಅದನ್ನು ಬಿಗಿಯಬೇಕು. ನಟ್ ಬಿಗಿಯುವ ಬಲ (ಟಾರ್ಕ್) ಎಷ್ಟೆಂಬುದನ್ನು ಬೈಕಿನ ಸರ್ವಿಸ್ ಕೈಪಿಡಿಯಲ್ಲಿ ನೋಡಿ. ಆ್ಯಂಟಿ-ಸೀಜ್ ಘರ್ಷಣೆ ತಗ್ಗಿಸುವುದರಿಂದ ಕೈಪಿಡಿಯ ಟಾರ್ಕ್‌ನ ಗರಿಷ್ಠ ಮಿತಿಯವರೆಗೆ ಹೋಗಬೇಡಿ. ಮೊದಲ ಸವಾರಿಯ ಬಳಿಕ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಟ್‌ಗಳ ಬಿಗಿತ ಪರೀಕ್ಷಿಸಿ, ಫ್ಲೇಂಜಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಮೂಡಿದೆಯೇ ನೋಡಿ. ಮೂಡಿದ್ದರೆ ಹೊಗೆ ಸೋರುತ್ತಿದೆ, ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ.